ಹೊಡೆಯದ ಗಂಟೆಯ ಬೆನ್ನು ಹತ್ತಿದ ನೀರಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದೋಣಿ ರಿಪೇರಿ ಮಾಡುವ ಅಂಗಳದಲ್ಲಿ, ಮರದ ದಿಮ್ಮಿಗಳ ಮೇಲೆ ಒಂದು ಮಗ್ಗುಲಿಗೆ ವಾಲಿ ನಿಂತ ಲಾಂಚಿನ ಹೊಟ್ಟೆಯೊಳಗೆ ಟಾರ್ಚಿನ ಬೆಳಕೊಂದು ಅತ್ತಿಂದಿತ್ತ ಓಡಾಡುತ್ತಿದೆ. ಹೊರಗಿನಿಂದ ನೋಡಿದವರಿಗೆ ಯಾರೋ ಕಳ್ಳ ತಾಮ್ರದ ತಂತಿಗೆ ಕೈ ಹಾಕಿದ್ದಾನೆ ಅನ್ನಿಸಬೇಕು. ಇಲ್ಲಿನ ಕಾವಲುಗಾರನಿಗೂ ಮೊದಲ ದಿನ ಹಾಗೇ ಅನ್ನಿಸಿ ದೊಣ್ಣೆ ಹಿಡಿದು ಓಡಿಬಂದಿದ್ದನಂತೆ. ಈಗ ಅವನೇ ಏಣಿ ಹಿಡಿದು ನಿಂತಿದ್ದಾನೆ. "ಅಕ್ಕಾ, ಇಳಿಯುವಾಗ ಹುಷಾರು. ಮೇಲಿನ ಮೆಟ್ಟಿಲು ಅಲ್ಲಾಡುತ್ತೆ" ಎಂದು ಒಳಗಿನ ಕತ್ತಲೆಗೆ ಕೂಗಿ ಹೇಳುತ್ತಾನೆ.

ಒಳಗೆ ಕೆಸರಿನಲ್ಲಿ ಅಂಗಾತ ಮಲಗಿರುವವರು ನಲವತ್ತು ದಾಟಿದ ಒಬ್ಬ ಹೆಂಗಸು. ಮೈಮೇಲೆ ಎಣ್ಣೆ ಮೆತ್ತಿದ ನೀಲಿ ಕೋಟು, ಹಣೆಗೆ ಕಟ್ಟಿದ ಟಾರ್ಚು, ಕೈಯಲ್ಲೊಂದು ಉದ್ದ ಹಿಡಿಯ ಪುಟ್ಟ ಕನ್ನಡಿ. ಕಬ್ಬಿಣದ ಎರಡು ಪಟ್ಟಿಗಳ ಸಂದಿಯೊಳಗೆ ಆ ಕನ್ನಡಿ ತೂರಿಸಿ, ಹಲ್ಲಿನ ಡಾಕ್ಟರ ಹಾಗೆ ಅವರು ಇಣುಕಿ ನೋಡುತ್ತಿರುವುದು ಎರಡು ತಂತಿಗಳ ತುದಿಯನ್ನು. ಒಂದಕ್ಕೊಂದು ಸೇರಿಕೊಂಡಿರಬೇಕಾದ ತಂತಿಗಳು ಗೇಣಿನಷ್ಟು ದೂರದಲ್ಲಿ ಬಿದ್ದಿವೆ. ತಾವಾಗಿಯೇ ಬಿಟ್ಟುಕೊಂಡವೋ, ಯಾರಾದರೂ ಬಿಡಿಸಿದರೋ? ಕೆಸರಿನಿಂದ ಮೇಲೆತ್ತುವಾಗ ಕ್ರೇನಿನ ಸರಪಳಿ ಎಳೆದು ಕಿತ್ತುಹೋದವೋ? ಅವರು ಬೆಳಿಗ್ಗೆ ಬೆಳಿಗ್ಗೆ ಇಲ್ಲಿಗೆ ಬಂದು ಮಲಗುವುದು ಈ ಒಂದು ಪ್ರಶ್ನೆಗಾಗಿ.

"ತಂತಿ ಮಾತಾಡಲ್ಲ ನೋಡಿ" ಎನ್ನುತ್ತಾರೆ ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ. "ಮಾತಾಡೋರನ್ನ ಕೇಳಬೇಕು. ಅವರು ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದಾರೆ."

ಅಪಘಾತಗಳ ತನಿಖೆ ಮಾಡುವ ಕಚೇರಿಯಲ್ಲಿ ಮೂರು ವಿಭಾಗಗಳು. ವಿಮಾನದ್ದೊಂದು, ರೈಲಿನದ್ದೊಂದು, ಹಡಗು ದೋಣಿಗಳದ್ದೊಂದು. ಕಚೇರಿಯವರ ಬಾಯಲ್ಲಿ ಗಾಳಿಯವರು, ಹಳಿಯವರು, ನೀರಿನವರು. ಗಾಳಿಯವರಿಗೆ ಮೇಲಿನ ಮಹಡಿ, ಗಾಜಿನ ಬಾಗಿಲು, ಪತ್ರಕರ್ತರು ಕೂರುವ ಸೋಫಾ. ಹಳಿಯವರಿಗೆ ಮಧ್ಯದ ಮಹಡಿ. ನೀರಿನವರಿಗೆ ನೆಲಮಾಳಿಗೆ. ಜೋರು ಮಳೆ ಬಂದರೆ ಅಲ್ಲಿಗೆ ನಿಜವಾಗಿಯೂ ನೀರು ನುಗ್ಗುತ್ತದೆ. "ನಮ್ಮ ವಿಭಾಗಕ್ಕೆ ತಕ್ಕ ಜಾಗವನ್ನೇ ಕೊಟ್ಟಿದ್ದಾರೆ, ದೂರುವ ಹಾಗಿಲ್ಲ" ಎಂದು ಅವರು ನಗುತ್ತಾರೆ. ನೀರಿನವರು ಎಂದು ಬಹುವಚನದಲ್ಲಿ ಕರೆದರೂ ವಿಭಾಗಕ್ಕೆ ಇರುವುದು ಅವರೊಬ್ಬರೇ. ಹಾಗಾಗಿ ಮೇಲಿನ ಮಹಡಿಯಿಂದ ಗೇಟಿನವರೆಗೆ ಎಲ್ಲರಿಗೂ ಅವರು ನೀರಕ್ಕ.

ನೀರಕ್ಕ ಮೊದಲು ಸರಕು ಹಡಗುಗಳ ಎಂಜಿನ್ ಕೋಣೆಯಲ್ಲಿ ಎಂಜಿನಿಯರ್ ಆಗಿದ್ದವರು. ಒಮ್ಮೆ ಅವರ ಪಾಳಿಯಲ್ಲೇ ಎಂಜಿನ್ ಕೋಣೆಗೆ ಬೆಂಕಿ ಬಿತ್ತು. ಯಾರಿಗೂ ಪ್ರಾಣಾಪಾಯ ಆಗಲಿಲ್ಲ, ಆದರೆ ದಡ ಮುಟ್ಟಿದ ಮೇಲೆ ಕ್ಯಾಪ್ಟನ್ ಕೇಳಿದ್ದು, ಕಂಪನಿಯವರು ಕೇಳಿದ್ದು, ವಿಮೆಯವರು ಕೇಳಿದ್ದು ಒಂದೇ ಮಾತು: ಯಾರ ತಪ್ಪು? ಕೊನೆಗೆ ತನಿಖೆಗೆ ಬಂದ ಬಿಳಿಗಡ್ಡದ ಒಬ್ಬ ಹಿರಿಯರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, "ಹಿಂದಿನ ದಿನ ನಿದ್ದೆ ಆಗಿತ್ತಾ ಮಗಳೇ?" ಎಂದು ಕೇಳಿದರಂತೆ. "ಆಗಿರಲಿಲ್ಲ. ಯಾರೂ ಕೇಳಿರಲೂ ಇಲ್ಲ. ಅಲ್ಲೀವರೆಗೆ ಗಟ್ಟಿಯಾಗಿ ಕೂತಿದ್ದೋಳು ಆ ಮಾತಿಗೆ ಅತ್ತುಬಿಟ್ಟೆ. ಅತ್ತ ಮೇಲೆ ಎಲ್ಲಾ ಹೇಳಿದೆ" ಎಂದು ನೆನೆಯುತ್ತಾರೆ. ಮುಂದೆ ತನಿಖಾ ಕಚೇರಿಯಲ್ಲಿ ಜಾಗ ಖಾಲಿ ಇದೆ ಎಂದು ತಿಳಿದಾಗ ಅರ್ಜಿ ಹಾಕಿದ್ದು ಆ ಕುರ್ಚಿಯ ನೆನಪಿನಿಂದ.

ಕೆಲಸ ಏನು ಎಂದು ಯಾರಾದರೂ ಕೇಳಿದರೆ ಅವರ ಉತ್ತರ ಚಿಕ್ಕದು. "ಪೊಲೀಸರು ಯಾರು ಅಂತ ಕೇಳ್ತಾರೆ. ನಾವು ಹೇಗೆ ಅಂತ ಕೇಳ್ತೀವಿ." ವರ್ಷಕ್ಕೆ ಮೂವತ್ತು ನಲವತ್ತು ಘಟನೆಗಳು. ಮೀನು ದೋಣಿಗಳು, ಮರಳು ದೋಣಿಗಳು, ಬಂದರಿನೊಳಗೆ ಒಂದಕ್ಕೊಂದು ಮುತ್ತಿಟ್ಟುಕೊಂಡ ಹಡಗುಗಳು. ಹೆಚ್ಚಿನವು ಪತ್ರಿಕೆಯ ಒಳಪುಟಕ್ಕೂ ಬರುವುದಿಲ್ಲ. ವರದಿ ಬರೆಯುತ್ತಾರೆ, ಒಂದಿಷ್ಟು ಸಲಹೆ ಕೊಡುತ್ತಾರೆ, ಒಂದು ಬೋಲ್ಟು ಬದಲಾಗುತ್ತದೆ, ಒಂದು ನಿಯಮ ತಿದ್ದುಪಡಿಯಾಗುತ್ತದೆ. ಆಮೇಲೆ ಏನೂ ಆಗುವುದಿಲ್ಲ. ಏನೂ ಆಗದೆ ಇರುವುದೇ ಅವರ ಸಂಬಳದ ಕೆಲಸ. ಅದನ್ನು ನೆಂಟರಿಷ್ಟರಿಗೆ ವಿವರಿಸಿ ಹೇಳುವುದೇ ಅವರಿಗೆ ದೊಡ್ಡ ಫಜೀತಿ.

ಈ ಲಾಂಚಿನ ಕತೆ ಮಾತ್ರ ಒಳಪುಟದ್ದಲ್ಲ. ಹೊಳೆ ಸಮುದ್ರ ಸೇರುವ ಕಡೆ, ಎರಡು ದಡದ ಎರಡು ಪೇಟೆಗಳ ನಡುವೆ ಜನರನ್ನು, ಬೈಕುಗಳನ್ನು ದಾಟಿಸುತ್ತಿದ್ದ ಲಾಂಚು ಒಂದು ಸಂಜೆ ಜೆಟ್ಟಿ ಇನ್ನೇನು ಬಂತು ಅನ್ನುವಾಗ ಮಗುಚಿಕೊಂಡಿತು. ಈಜಿದವರು ಉಳಿದರು, ಹಗ್ಗ ಸಿಕ್ಕಿದವರು ಉಳಿದರು. ಹದಿನಾಲ್ಕು ಮಂದಿ ಉಳಿಯಲಿಲ್ಲ. ಲಾಂಚಿನ ಚಾಲಕನೂ ಅವರಲ್ಲೊಬ್ಬ.

ಮೇಲೆತ್ತಿದ ಲಾಂಚನ್ನು ನೋಡಿದಾಗ ಮೊದಲ ಅರ್ಧ ಬೇಗ ತಿಳಿಯಿತು. ನೀರಿನೊಳಗೆ ಪ್ರೊಪೆಲ್ಲರ್ ತಿರುಗಿಸುವ ಕಬ್ಬಿಣದ ದಂಡ ಲಾಂಚಿನ ಹೊಟ್ಟೆಯಿಂದ ಹೊರಗೆ ಹೋಗುವ ಜಾಗದಲ್ಲಿ ಒಂದು ಸೀಲು ಇರುತ್ತದೆ. ಅದು ಹರಿದಿತ್ತು. ಅಲ್ಲಿಂದ ನೀರು ಒಳಗೆ ಸೇರಿ, ಲಾಂಚು ಭಾರವಾಗಿ, ಜನ ಗಾಬರಿಯಿಂದ ಜೆಟ್ಟಿಯ ಕಡೆಗೇ ನುಗ್ಗಿದಾಗ ಮಗುಚಿತು. ಆದರೆ ಹಾಗೆ ನೀರು ಸೇರಿದರೆ ತಿಳಿಯಲೆಂದೇ ಹೊಟ್ಟೆಯ ತಳದಲ್ಲಿ ಒಂದು ಫ್ಲೋಟ್ ಇದೆ, ಮನೆಯ ನೀರಿನ ಟ್ಯಾಂಕಿಯಲ್ಲಿ ಇರುವಂಥದ್ದೇ. ನೀರು ಏರಿದರೆ ಫ್ಲೋಟ್ ಏರುತ್ತದೆ, ಫ್ಲೋಟ್ ಏರಿದರೆ ಗಂಟೆ ಹೊಡೆಯುತ್ತದೆ. ಗಂಟೆ ಹೊಡೆದಿದ್ದರೆ ಚಾಲಕ ನಡುನೀರಿನಲ್ಲೇ ಪಂಪು ಹಾಕಿಸುತ್ತಿದ್ದ, ಜನರನ್ನು ಕೂರಿಸುತ್ತಿದ್ದ, ಪಕ್ಕದ ಮರಳ ದಿಬ್ಬಕ್ಕಾದರೂ ಲಾಂಚನ್ನು ತಂದು ಹಾಯಿಸುತ್ತಿದ್ದ. ಬದುಕಿದವರಲ್ಲಿ ಒಬ್ಬರೂ ಗಂಟೆ ಕೇಳಿಲ್ಲ.

ನೀರಕ್ಕನ ನೆಮ್ಮದಿ ಕೆಡಿಸಿದ್ದು ಇದು. ಏಕೆಂದರೆ ಅದೇ ಮಾಲೀಕರ, ಅದೇ ಅಚ್ಚಿನ ಇನ್ನೊಂದು ಲಾಂಚು ಅದೇ ನೀರಿನಲ್ಲಿ ದಿನಾ ಓಡುತ್ತಿತ್ತು. ಅದರಲ್ಲೇ ಅವರ ನಾದಿನಿ ದಿನಾ ಬೆಳಿಗ್ಗೆ ಆಚೆ ದಡದ ಆಸ್ಪತ್ರೆಗೆ ಕೆಲಸಕ್ಕೆ ಹೋಗುತ್ತಿದ್ದಳು.

ತಂತಿಯ ತುದಿಗಳನ್ನು ಕಂಡ ದಿನವೇ ನೀರಕ್ಕ ಆ ಇನ್ನೊಂದು ಲಾಂಚಿಗೆ ಹೋದರು. ಎಲ್ಲ ಅಚ್ಚುಕಟ್ಟು. ತಂತಿ ಸೇರಿಕೊಂಡಿತ್ತು, ಗಂಟೆ ಠಣಠಣ ಹೊಡೆಯಿತು. ಹೇಳದೆ ಕೇಳದೆ ಇನ್ನೊಮ್ಮೆ ಹೋದರು. ಅಷ್ಟರಲ್ಲಿ ಅವರ ಮುಖ ಎರಡೂ ಜೆಟ್ಟಿಗಳಲ್ಲಿ ಪರಿಚಯವಾಗಿಬಿಟ್ಟಿತ್ತು. ಜೆಟ್ಟಿಯ ತುದಿಯಿಂದ ಎಂಜಿನ್ ಕೋಣೆಗೆ ಇಳಿಯುವುದರೊಳಗೆ ಯಾರೋ ಸಿಳ್ಳೆ ಹಾಕಿದರು. ಕೆಳಗೆ ಹೋದರೆ ಒಬ್ಬ ಕೆಲಸದವನು ಸೇರಿಕೊಂಡ ತಂತಿಯ ಪಕ್ಕದಲ್ಲೇ ಕೂತು, ಸುಮ್ಮನೆ, ಚಹಾ ಕುಡಿಯುತ್ತಿದ್ದ. "ಚಹಾ ಬಿಸಿ ಇರಲಿಲ್ಲ. ಆವಿ ಬರ್ತಿರಲಿಲ್ಲ. ಆದ್ರೆ ತಣ್ಣಗಿರೋ ಚಹಾ ಕುಡಿಯೋದು ಅಪರಾಧವಾ?" ಎಂದು ನೀರಕ್ಕ ಕೇಳುತ್ತಾರೆ.

ಕಚೇರಿಯ ಮುಖ್ಯಸ್ಥರ ಮುಂದೆ ಹೋಗಿ, ಆ ಲಾಂಚನ್ನು ನಿಲ್ಲಿಸಬೇಕು ಎಂದರು. ಮುಖ್ಯಸ್ಥರು ನಿವೃತ್ತಿಗೆ ಹತ್ತಿರವಾದ, ಮೆಲುದನಿಯ ಮನುಷ್ಯ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದರು: "ಹಿಂದೊಂದ್ಸಲ ಬರೀ ಅನುಮಾನದ ಮೇಲೆ ಒಂದು ದೋಣಿ ನಿಲ್ಲಿಸಿದ್ದೆ. ಜನ ಸಿಕ್ಕಸಿಕ್ಕ ಪುಟ್ಟ ದೋಣಿಗಳಲ್ಲಿ ತುಂಬ್ಕೊಂಡು ಹೋದ್ರು. ಅದರಲ್ಲೊಂದು ಮುಳುಗ್ತು. ನಾನು ನಿಲ್ಲಿಸಿದ ದೋಣಿ ಗಟ್ಟಿಯಾಗಿತ್ತು, ಆಮೇಲೆ ಗೊತ್ತಾಯ್ತು. ನನಗೆ ಒಂದು ಮಾತು ತಂದುಕೊಡಿ. ಒಳಗಿದ್ದೋರ ಬಾಯಿಂದ, ಒಂದೇ ಒಂದು ಮಾತು. ಆ ಕ್ಷಣ ನಿಲ್ಲಿಸ್ತೀನಿ."

ಆ ಮಾತು ಆಡಬಲ್ಲವನು ಒಬ್ಬನೇ ಇದ್ದ. ಮುಳುಗಿದ ಲಾಂಚಿನಲ್ಲಿ ಹಗ್ಗ ಕಟ್ಟುವ, ಎಂಜಿನ್ ಕೋಣೆ ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದವನು. ಜೆಟ್ಟಿಯವರೆಲ್ಲ ಹಗ್ಗದಣ್ಣ ಎನ್ನುತ್ತಾರೆ. ಆ ಸಂಜೆ ಅವನು ಎಸೆದ ಹಗ್ಗ ಹಿಡಿದೇ ಎಷ್ಟೋ ಜನ ದಡ ಸೇರಿದ್ದರು. ಆದರೂ ಅವನು ಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ.

ಅವನನ್ನು ಮೊದಲ ಸಲ ಮಾತಾಡಿಸಿದ್ದು ನೆಲಮಾಳಿಗೆಯ ಕೋಣೆಯಲ್ಲಿ, ಮಾಲೀಕರ ವಕೀಲರು ಪಕ್ಕದಲ್ಲಿ ಕೂತಿದ್ದಾಗ. ಆ ಭೇಟಿಯನ್ನು ಕೆಡಿಸಿದವರು ತಾವೇ ಎಂದು ನೀರಕ್ಕ ಒಪ್ಪಿಕೊಳ್ಳುತ್ತಾರೆ. ಧೈರ್ಯ ತುಂಬಲು ಹೋಗಿ, "ನಿಮ್ಮ ತಪ್ಪು ಹುಡುಕೋಕೆ ಕರೆಸಿಲ್ಲ" ಎಂದುಬಿಟ್ಟರು. ತಪ್ಪು ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಅವನ ಮುಖದ ಬಾಗಿಲು ಮುಚ್ಚಿಕೊಂಡಿತು. ಆಮೇಲೆ ಏನು ಕೇಳಿದರೂ ಒಂದೇ ಉತ್ತರ: "ನೆನಪಿಲ್ಲ ಮೇಡಂ."

"ಒಂದು ಶಬ್ದಕ್ಕೆ ಆ ಮನುಷ್ಯನನ್ನ ಕಳ್ಕೊಂಡೆ" ಎನ್ನುತ್ತಾರೆ ಅವರು.

ಅಲ್ಲಿಂದ ಮುಂದಿನ ದಿನಗಳು ಮನೆಯಲ್ಲಿ ಮುಳ್ಳಿನ ಮೇಲೆ ಕೂತ ಹಾಗೆ ಕಳೆದವು. ತನಿಖೆ ಮುಗಿಯುವ ತನಕ ಅದರ ಒಂದು ಪದವನ್ನೂ ಹೊರಗೆ ಆಡುವಂತಿಲ್ಲ. ಮನೆಯೂ ಹೊರಗಿನ ಲೆಕ್ಕವೇ. ನೀರಕ್ಕನ ಗಂಡನದು ಕನ್ನಡಕದ ಅಂಗಡಿ. ಹೆಂಡತಿಯ ಮುಖ ನೋಡಿಯೇ ಎಷ್ಟು ಕೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಕಲಿತವರು. ಆದರೆ ಅವರ ತಂಗಿ ಹಾಗಲ್ಲ. ಅಣ್ಣ ಅತ್ತಿಗೆಯ ಜೊತೆಗೇ ಇರುವ ಆಕೆ ಆಸ್ಪತ್ರೆಯಲ್ಲಿ ಕೈಕಾಲು ಬಿದ್ದವರಿಗೆ ವ್ಯಾಯಾಮ ಮಾಡಿಸುವವಳು. ನಿಂತಲ್ಲಿ ನಿಲ್ಲದ ಮಾತು, ಕೂತಲ್ಲಿ ಕೂರದ ಕಾಲು.

"ಸೇತುವೆ ಮೇಲೆ ಬಸ್ಸಲ್ಲಿ ಹೋಗಬಾರದಾ?" ಎಂದು ನೀರಕ್ಕ ಒಂದು ಬೆಳಿಗ್ಗೆ ತಿಂಡಿ ಬಡಿಸುತ್ತ ಕೇಳಿದರು. ಅಪಘಾತದ ಸುದ್ದಿ ಹಳೆಯದಾಗುತ್ತ, ಜನ ಲಾಂಚಿಗೆ ಮತ್ತೆ ಒಗ್ಗಿಕೊಂಡಿದ್ದರು.

"ಸುತ್ತಾಕ್ಕೊಂಡು ಹೋಗೋಕೆ ಒಂದೂವರೆ ಗಂಟೆ ಬೇಕು ಅತ್ತಿಗೆ."

"ನಿನಗೆ ನೀರಿನ ಗಾಳಿ ಆಗಿಬರಲ್ಲ. ನೆಗಡಿ ಆಗುತ್ತೆ."

"ನನಗೆ ನೆಗಡಿ ಆಗಿ ಎಷ್ಟು ಕಾಲ ಆಯ್ತೋ. ಈ ಮನೇಲಿ ಸೀನೋದು ನಿಮ್ಮ ಗಂಡ" ಎಂದು ಅವಳು ನಕ್ಕು, ಡಬ್ಬಿ ಎತ್ತಿಕೊಂಡು ಹೊರಟೇಬಿಟ್ಟಳು.

ಇನ್ನೂ ಬಿಡಿಸಿ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. "ಅವಳೊಬ್ಬಳಿಗೆ ಹೇಳಿಬಿಟ್ರೆ ನನಗೆ ನಿದ್ದೆ ಬರ್ತಿತ್ತು. ಆದ್ರೆ ಲಾಂಚು ತುಂಬ ಯಾರ ಯಾರದೋ ನಾದಿನಿಯರು, ಅತ್ತಿಗೆಯರು. ನಮ್ಮ ಮನೆಯೋಳನ್ನ ಇಳಿಸ್ಕೊಂಡು ಉಳಿದೋರನ್ನ ಹತ್ತಿಸಿ ಕಳಿಸೋದು ಹೇಗೆ? ಅದು ನನ್ನ ಕೈಲಿ ಆಗಲಿಲ್ಲ" ಎನ್ನುತ್ತಾರೆ ನೀರಕ್ಕ. ಆದದ್ದು ಒಂದೇ. ಮರುದಿನದಿಂದ ತಾವೂ ಜೊತೆಗೆ ಹೊರಟರು. ಆಚೆ ದಡದಲ್ಲಿ ಕಚೇರಿ ಕೆಲಸವಿದೆ ಎಂದು ನೆಪ ಹೇಳಿದರು.

ಆ ಬೆಳಗಿನ ಪಯಣಗಳು ಅವರಿಗೆ ಇಂದಿಗೂ ಕನಸಿನಲ್ಲಿ ಬರುತ್ತವೆ. ಸುತ್ತ ಜನ ಹರಟುತ್ತಿರುತ್ತಾರೆ, ಶಾಲೆಯ ಮಕ್ಕಳು ಬೆಂಚಿನ ಮೇಲೆ ನಿಂತು ಹಕ್ಕಿ ಎಣಿಸುತ್ತಿರುತ್ತಾರೆ, ನಾದಿನಿ ಒಂದು ಸಮನೆ ಮಾತಾಡುತ್ತಿರುತ್ತಾಳೆ. ನೀರಕ್ಕ ಕಿವಿಯೆಲ್ಲ ಪಾದದ ಕಡೆ ಇಟ್ಟು ನಿಂತಿರುತ್ತಾರೆ. ಗಂಟೆ ಹೊಡೆಯುವುದಿಲ್ಲ. ಹೊಡೆಯದಿದ್ದರೆ ಎರಡು ಅರ್ಥ. ಕೆಳಗೆ ನೀರಿಲ್ಲ, ಎಲ್ಲ ಕ್ಷೇಮ. ಇಲ್ಲವೇ ನೀರಿದೆ, ತಂತಿ ಇಲ್ಲ. ಎರಡಕ್ಕೂ ಸದ್ದು ಒಂದೇ, ಅಂದರೆ ಸದ್ದೇ ಇಲ್ಲ. ಜನ ತುಂಬಿದ ಲಾಂಚಿನಲ್ಲಿ ನಡುನೀರಿನಲ್ಲಿ ಎಂಜಿನ್ ಕೋಣೆಯ ಮುಚ್ಚಳ ತೆಗೆಸುವಂತಿಲ್ಲ, ದಡಕ್ಕೆ ಬಂದರೆ ಸಿಳ್ಳೆ. ಜೆಟ್ಟಿಯ ಕಲ್ಲಿಗೆ ಕಾಲು ತಾಗಿದೊಡನೆ ಅವರು ಕಂಬ ಹಿಡಿದು ನಿಂತುಬಿಡುತ್ತಿದ್ದರು. ನಾದಿನಿಗೆ ಅದು ವಯಸ್ಸಿನ ತೊಂದರೆ ಎನ್ನಿಸಿ, ಸಂಜೆ ಮನೆಯಲ್ಲಿ ಎರಡು ವ್ಯಾಯಾಮ ಹೇಳಿಕೊಟ್ಟಳು.

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಹಳಿಯವರ ವಿಭಾಗದ ಹಿರಿಯ ತನಿಖಾಧಿಕಾರಿ ನೆಲಮಾಳಿಗೆಗೆ ಇಳಿದು ಬಂದರು. ನೀರಕ್ಕನ ಡಬ್ಬಿ ತೆರೆಯದೆ ಇದ್ದುದನ್ನು ನೋಡಿ, ಎದುರಿಗೆ ಕೂತರು. ಹಗ್ಗದಣ್ಣನ ವಿಷಯ ಕೇಳಿ ಅಂದರು: "ಆವತ್ತಿನ ದಿನದ ಬಗ್ಗೆ ಕೇಳಬೇಡಿ. ಆವತ್ತಿನ ದಿನದಲ್ಲೇ ಅವನು ದಿನಾ ನೂರು ಸಲ ಸಾಯ್ತಿರ್ತಾನೆ. ಏನೂ ಆಗದ ಒಂದು ದಿನದ ಬಗ್ಗೆ ಕೇಳಿ. ಅದನ್ನ ಯಾರೂ ಕೇಳಿರಲ್ಲ."

ಮರುದಿನ ಬೆಳಿಗ್ಗೆ ನೀರಕ್ಕ ಲಾಂಚಿಗೆ ಹೋಗಲಿಲ್ಲ. ಇಂದು ಕಚೇರಿ ಕೆಲಸ ಈಚೆಯೇ ಇದೆ ಎಂದು ನಾದಿನಿಗೆ ಹೇಳಿ, ಅವಳಿಗಿಂತ ಬಹಳ ಮೊದಲೇ ಹೊರಟು, ಹಗ್ಗದಣ್ಣನ ಮನೆಗೆ ನಡೆದರು. ಜೆಟ್ಟಿಯ ಹಿಂದಿನ ಗಲ್ಲಿಯಲ್ಲಿ ತಗಡಿನ ಮಾಡಿನ ಎರಡು ಕೋಣೆಯ ಮನೆ. ಅವನ ಹೆಂಡತಿ ಬಾಗಿಲಲ್ಲೇ ಅಡ್ಡ ನಿಂತಳು. "ಒಂದು ತುತ್ತು ಅನ್ನ ಸರಿಯಾಗಿ ತಿಂತಿಲ್ಲ ಮೇಡಂ. ಇನ್ನೂ ಏನು ಹಿಂಡ್ತೀರಾ ಅವರನ್ನ?" ಎಂದಳು. ನೀರಕ್ಕ ಮೆಟ್ಟಿಲ ಮೇಲೆ ಕೂತರು. "ಒಳಗೆ ಬರಲ್ಲಮ್ಮ. ಇಲ್ಲೇ ಕೂತಿರ್ತೀನಿ. ಅವರಿಗೆ ಮನಸ್ಸು ಬಂದ್ರೆ ಬರಲಿ, ಇಲ್ಲದಿದ್ರೆ ಎದ್ದು ಹೋಗ್ತೀನಿ."

ಬಹಳ ಹೊತ್ತಾದ ಮೇಲೆ ಅವನು ಬಂದು ಬಾಗಿಲ ಚೌಕಟ್ಟಿಗೆ ಒರಗಿ ಕೂತ. ಕೈಯಲ್ಲೊಂದು ಹರಿದ ಕೊಡೆ, ಅದಕ್ಕೆ ಹೊಲಿಗೆ ಹಾಕುತ್ತಿದ್ದ. ನೀರಕ್ಕ ಅವನ ಮುಖ ನೋಡದೆ ಕೊಡೆಯನ್ನೇ ನೋಡುತ್ತ ಕೇಳಿದರು: "ಮಾಮೂಲಿ ದಿನ ಹೇಗಿರುತ್ತೆ ಲಾಂಚಿನಲ್ಲಿ? ಏನೂ ಆಗದ ದಿನ. ಬೆಳಿಗ್ಗೆ ಬಂದಾಗಿಂದ ಹೇಳಿ."

ಅವನು ಸೂಜಿ ನಿಲ್ಲಿಸಿದ. ಆಮೇಲೆ ಹೇಳತೊಡಗಿದ. ಬಂದು ಎಂಜಿನ್ ಒರೆಸುತ್ತೇನೆ. ಎಣ್ಣೆ ನೋಡುತ್ತೇನೆ. ಚಾಲಕನಿಗೂ ನನಗೂ ಚಹಾ ತರುತ್ತೇನೆ. ಬೈಕುಗಳನ್ನು ಎರಡೂ ಕಡೆಗೆ ಸಮ ನಿಲ್ಲಿಸುತ್ತೇನೆ. ಜನ ಹತ್ತುತ್ತಾರೆ. ಹಗ್ಗ ಬಿಚ್ಚುತ್ತೇನೆ.

"ಆಮೇಲೆ?"

"ಆಮೇಲೆ ಕೆಳಗೆ ಹೋಗಿ ಗಂಟೆ ಮಲಗಿಸ್ತೀನಿ."

ಮಗುವನ್ನು ಮಲಗಿಸುತ್ತೇನೆ ಅಂದಷ್ಟು ಸಹಜವಾಗಿ ಆಡಿದ ಮಾತು. ಆಡಿದ ಮೇಲೆ ಅವನಿಗೇ ಕೇಳಿಸಿತು. ನೀರಕ್ಕ ದನಿ ಬದಲಾಗದ ಹಾಗೆ ನೋಡಿಕೊಂಡು, "ಯಾಕೆ ಮಲಗಿಸ್ತೀರಿ?" ಎಂದರು.

"ಆ ಫ್ಲೋಟನ್ನ ತುಂಬ ಕೆಳಗೆ ಕೂರಿಸಿದ್ದಾರೆ ಮೇಡಂ. ಸೀಲಿನಿಂದ ಯಾವಾಗ್ಲೂ ಒಂಚೂರು ನೀರು ತೊಟ್ಟಿಕ್ಕುತ್ತೆ. ಅಷ್ಟಕ್ಕೇ ಗಂಟೆ ಹೊಡ್ಕೊಳ್ಳುತ್ತೆ. ದಿನಾ, ಪ್ರತಿ ಸಲ. ಮೊದಮೊದಲು ಹೊಡೆಯೋಕೆ ಬಿಡ್ತಿದ್ವಿ. ಒಂದಿನ ಹೊಡೆದಾಗ ಜನ ಮುಳುಗ್ತಿದೆ ಅಂತ ಎದ್ದು ಓಡಿದ್ರು. ಒಬ್ಬ ಅಜ್ಜಿ ಕಾಲಡಿಗೆ ಸಿಕ್ಕು ಸೊಂಟ ಮುರ್ಕೊಂಡ್ರು. ನಾನೇ ಎತ್ಕೊಂಡು ಹೋಗಿ ಆಸ್ಪತ್ರೆ ಸೇರಿಸಿದ್ದು. ಮಾಲೀಕರು ಬೈದ್ರು, ಜನ ಬೈದ್ರು. ಆವತ್ತಿಂದ ಜನ ಹತ್ತಿದ ಮೇಲೆ ತಂತಿ ಬಿಡಿಸಿಡ್ತೀನಿ. ದಡಕ್ಕೆ ಬಂದ ಮೇಲೆ ಸೇರಿಸಿ, ನೀರು ಪಂಪು ಮಾಡ್ತೀನಿ. ಯಾರೂ ಹೆದರಬಾರದು ಅಂತ ಮಾಡಿದ್ದು ಮೇಡಂ."

"ಆ ಇನ್ನೊಂದು ಲಾಂಚಿನಲ್ಲಿ?"

ಅವನು ಕೊಡೆಯನ್ನು ಕೆಳಗಿಟ್ಟ. "ಅಲ್ಲೂ ಅಷ್ಟೇ. ಅವರಿಗೆ ಕಲಿಸಿದ್ದೇ ನಾನು." ಹೇಳಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಹೆಂಡತಿ ಒಳಗಿನಿಂದ ಬಂದು ಅವನ ಬೆನ್ನಿನ ಮೇಲೆ ಕೈಯಿಟ್ಟು ನಿಂತಳು.

ನೀರಕ್ಕ ಮೆಟ್ಟಿಲ ಮೇಲಿಂದಲೇ ಮುಖ್ಯಸ್ಥರಿಗೆ ಫೋನ್ ಮಾಡಿದರು. ಅವರು ಮಾತು ಪೂರ್ತಿ ಕೇಳಿ, "ನಿಲ್ಲಿಸ್ತಿದೀನಿ. ಬಸ್ಸಿನೋರಿಗೂ ಹೇಳ್ತೀನಿ, ಜನ ಪುಟ್ಟ ದೋಣಿ ಹತ್ತಬಾರದು" ಎಂದರು. ಆದರೆ ಅಷ್ಟರಲ್ಲಿ ಬೆಳಗಿನ ಲಾಂಚು ಜೆಟ್ಟಿ ಬಿಟ್ಟಾಗಿತ್ತು. ಗಲ್ಲಿಯ ಕೊನೆಗೆ ಓಡಿ ಬಂದು ನೋಡಿದರೆ ನಡುನೀರಿನಲ್ಲಿ ಬೆಂಕಿಪೆಟ್ಟಿಗೆಯಷ್ಟು ಕಾಣುತ್ತಿತ್ತು. ಮುಖ್ಯಸ್ಥರು ಬಂದರಿನವರ ಮೂಲಕ ಚಾಲಕನಿಗೆ ವೈರ್‌ಲೆಸ್‌ನಲ್ಲಿ ಹೇಳಿಸಿದರು: ತಂತಿ ಸೇರಿಸು, ಪಂಪು ಹಾಕು, ನಿಧಾನಕ್ಕೆ ಬಾ. ನೀರಕ್ಕ ನಾದಿನಿಗೆ ಫೋನ್ ಮಾಡಿದರು.

"ಎಲ್ಲಿ ಕೂತಿದ್ದೀಯಾ?"

"ಮಧ್ಯದ ಬೆಂಚಿನ ಮೇಲೆ. ಯಾಕೆ ಅತ್ತಿಗೆ, ಓಡ್ತಿದ್ದೀರಾ? ಏದುಸಿರು ಬಿಡ್ತಿದ್ದೀರಿ."

ಈಗ ಹೇಳಬಹುದಿತ್ತು. ಲಾಂಚು ನಿಲ್ಲಿಸುವ ಆಜ್ಞೆ ಹೊರಟಾಗಿತ್ತು, ಅಷ್ಟನ್ನು ಹೇಳಲು ನಿಯಮದ ತಡೆ ಇರಲಿಲ್ಲ. ಆದರೆ ನೀರಕ್ಕನ ಕಣ್ಣ ಮುಂದೆ ಬಂದದ್ದು ಎದ್ದು ಓಡುವ ಜನ. ಅವಳಿಗೆ ಹೇಳಿದರೆ ಅವಳ ಮುಖ ನೋಡಿ ಪಕ್ಕದವರು ಕೇಳುತ್ತಾರೆ, ಪಕ್ಕದವರಿಂದ ಅವರ ಪಕ್ಕದವರು. ಎಲ್ಲರೂ ಒಂದೇ ಮಗ್ಗುಲಿಗೆ ನುಗ್ಗಿದರೆ, ಲಾಂಚು ಮಗುಚಲು ಸೀಲು ಹರಿಯಬೇಕಾಗಿಯೇ ಇಲ್ಲ. "ಆಗ ನನಗೆ ಹಗ್ಗದಣ್ಣ ಅರ್ಥ ಆದ. ಅವನು ದಿನಾ ನಿಂತಿದ್ದ ಜಾಗದಲ್ಲಿ ನಾನು ನಿಂತಿದ್ದೆ. ಹೇಳದಿದ್ರೆ ಒಂದು ಭಯ, ಹೇಳಿದ್ರೆ ಇನ್ನೊಂದು" ಎನ್ನುತ್ತಾರೆ.

"ಏನಿಲ್ಲ, ಬಸ್ಸು ಹಿಡಿಯೋಕೆ ಓಡಿದೆ" ಎಂದರು ನೀರಕ್ಕ. "ನೀನು ಅಲ್ಲೇ ಮಧ್ಯದಲ್ಲೇ ಕೂತಿರು. ಏಳಬೇಡ. ಮಾತಾಡ್ತಾ ಇರು."

"ಏನು ಮಾತಾಡ್ಲಿ?"

"ಏನಾದ್ರೂ. ನಿನಗೇನು ಮಾತಿಗೆ ಬರವಾ?"

ನಾದಿನಿ ಮಾತಾಡಿದಳು. ಆಸ್ಪತ್ರೆಗೆ ಬರುವ ಒಬ್ಬ ಮುದುಕರು ಎಡಗೈ ಎತ್ತು ಎಂದರೆ ಬಲಗೈಯಿಂದ ಎಡಗೈಯನ್ನು ಎತ್ತಿ ತೋರಿಸುವ ಕತೆ ಹೇಳಿದಳು. ಹೊಸ ಡಾಕ್ಟರ ಬೂಟು ಕಿರುಗುಟ್ಟುವ ವಿಷಯ ಹೇಳಿದಳು. ನೀರಕ್ಕ ಫೋನು ಕಿವಿಗೊತ್ತಿಕೊಂಡು, ಬೆಂಕಿಪೆಟ್ಟಿಗೆ ಆಚೆ ದಡದ ಕಡೆ ತೆವಳುವುದನ್ನು ಕಣ್ಣು ಮಿಟುಕಿಸದೆ ನೋಡಿದರು. ನಡುವೆ ಒಮ್ಮೆ ಅವಳು, "ಅರೆ, ಏನೋ ಗಂಟೆ ಹೊಡೀತಿದೆ" ಎಂದಳು.

"ಹೊಡೀಲಿ ಬಿಡು. ಪಂಪು ಹಾಕಿರ್ತಾರೆ. ಪಕ್ಕದೋರಿಗೂ ಹೇಳು, ಏನಿಲ್ಲ ಕೂತ್ಕೊಳ್ಳಿ ಅಂತ."

ಅವಳು ಹೇಳಿದ್ದು ಫೋನಿನಲ್ಲೇ ಕೇಳಿಸಿತು. ಕೈಕಾಲು ಬಿದ್ದವರನ್ನು ದಿನಾ ಗದರಿಸಿ ಎಬ್ಬಿಸುವ ದನಿ, ಆವತ್ತು ಅಷ್ಟೂ ಜನರನ್ನು ಗದರಿಸಿ ಕೂರಿಸಿತು. ಸ್ವಲ್ಪ ಹೊತ್ತಿಗೆ, "ಇಳಿದೆ ಅತ್ತಿಗೆ, ಹೊತ್ತಾಯ್ತು, ಇಡ್ತೀನಿ" ಎಂದಳು. ನೀರಕ್ಕ ಹತ್ತಿರದ ಕಟ್ಟೆಯ ಮೇಲೆ ಕುಸಿದು ಕೂತರು. ಹಿಂದೆ ತಿರುಗಿದರೆ ಹಗ್ಗದಣ್ಣ ನಿಂತಿದ್ದ. ಎಷ್ಟೋ ದಿನದ ಮೇಲೆ ಮನೆಯಿಂದ ಹೊರಗೆ ಬಂದವನು, ಅವನೂ ಆಚೆ ದಡವನ್ನೇ ನೋಡುತ್ತಿದ್ದ.

ಆಚೆ ದಡದಲ್ಲಿ ಇಳಿದು ನೋಡಿದಾಗ ಲಾಂಚಿನ ಹೊಟ್ಟೆಯಲ್ಲಿ ಮೊಣಕಾಲಿಗಿಂತ ಮೇಲೆ ನೀರಿತ್ತು, ಪಂಪು ಹಾಕಿದ ಮೇಲೂ. ಸೀಲಿನಲ್ಲಿ ಬಿರುಕು ಬಿಟ್ಟಿತ್ತು. ಆ ದಿನ ಮುಳುಗುತ್ತಿತ್ತೇ? ನೀರಕ್ಕ ಹಾಗೆ ಹೇಳಲು ಒಪ್ಪುವುದಿಲ್ಲ. "ಆವತ್ತೇ ಮುಳುಗ್ತಿತ್ತೋ, ವಾರ ಬಿಟ್ಟೋ, ಮುಳುಗ್ತಾನೇ ಇರಲಿಲ್ಲವೋ. ಆಗದೇ ಇರೋದನ್ನ ನಾವು ವರದಿಲಿ ಬರೆಯೋಕೆ ಬರಲ್ಲ."

ಲಾಂಚು ನಿಂತದ್ದಕ್ಕೆ ಎರಡೂ ದಡದ ಜನ ಬೈದರು. ಹೆಚ್ಚುವರಿ ಬಸ್ಸುಗಳು ಬಂದವು, ಸಾಲಲಿಲ್ಲ. ಮನೆಯಲ್ಲಿ ನಾದಿನಿ ದಿನಾ ಸಂಜೆ ಚಪ್ಪಲಿ ಬಿಡುತ್ತಲೇ, "ಯಾವ ಪುಣ್ಯಾತ್ಮ ನಿಲ್ಲಿಸಿದನೋ, ನನ್ನ ಸೊಂಟ ಬಿದ್ದುಹೋಯ್ತು" ಎಂದು ಶುರು ಮಾಡುತ್ತಿದ್ದಳು. ನೀರಕ್ಕ ಚಹಾ ಸೋಸುತ್ತಿದ್ದರು.

ತಿಂಗಳುಗಳ ಮೇಲೆ ವರದಿ ಹೊರಬಂತು. ಅದರಲ್ಲಿ ಯಾರ ಹೆಸರೂ ಇಲ್ಲ. ಫ್ಲೋಟನ್ನು ಮೇಲೆ ಕೂರಿಸಬೇಕು, ಸ್ವಲ್ಪ ನೀರಿಗೆ ಚಾಲಕನ ಮುಂದೆ ದೀಪ ಮಾತ್ರ ಹತ್ತಬೇಕು, ಹೆಚ್ಚಾದರೆ ಮಾತ್ರ ಗಂಟೆ ಹೊಡೆಯಬೇಕು, ತಂತಿ ಕೈಯಿಂದ ಬಿಡಿಸಲಾಗದ ಹಾಗಿರಬೇಕು ಎಂಬ ಸಲಹೆಗಳಿವೆ. ಪತ್ರಿಕೆಯಲ್ಲಿ ಅದನ್ನು ಓದಿದ ನಾದಿನಿ ಪತ್ರಿಕೆ ಹಿಡಿದೇ ಅಡುಗೆಮನೆಗೆ ಬಂದಳು.

"ನಿಮಗೆ ಗೊತ್ತಿತ್ತು. ಗೊತ್ತಿದ್ದೂ ನನ್ನನ್ನ ಹತ್ತಿಸಿ ಕಳಿಸಿದ್ರಿ."

"ಅನುಮಾನ ಇತ್ತು. ಹತ್ತಿಸಿದೆ" ಎಂದರು ನೀರಕ್ಕ. "ನಾನೂ ಹತ್ತಿದೆ."

ಅವಳು ಕೆಲವು ದಿನ ಮಾತು ಬಿಟ್ಟಳು. ಅವಳು ಮಾತು ಬಿಟ್ಟ ಮನೆ ಎಷ್ಟು ನಿಶ್ಶಬ್ದ ಎಂದು ನೀರಕ್ಕನಿಗೂ ಅವರ ಗಂಡನಿಗೂ ಮೊದಲ ಸಲ ಗೊತ್ತಾಯಿತು. ಒಂದು ಬೆಳಿಗ್ಗೆ ಡಬ್ಬಿ ಕಟ್ಟಿಕೊಳ್ಳುತ್ತ, ಅತ್ತಿಗೆಯ ಕಡೆ ತಿರುಗದೆಯೇ ಅಂದಳು: "ಇನ್ಮೇಲೆ ನನಗೆ ನೆಗಡಿ ಆಗುತ್ತೆ ಅಂತ ಹೇಳಿ, ಸಾಕು. ಯಾಕೆ ಅಂತ ಕೇಳಲ್ಲ." ನೀರಕ್ಕ ಆವತ್ತು ಅವಳ ಡಬ್ಬಿಗೆ ಇನ್ನೊಂದು ಸೌಟು ಹೆಚ್ಚಿಗೆ ಹಾಕಿದರು.

ಹಗ್ಗದಣ್ಣ ಮತ್ತೆ ಲಾಂಚು ಹತ್ತಿಲ್ಲ. ಜೆಟ್ಟಿಯ ಮೇಲೆ ನಿಂತು, ಬರುವ ಲಾಂಚುಗಳ ಹಗ್ಗ ಹಿಡಿದು ಕಟ್ಟುತ್ತಾನೆ. ನೀರಕ್ಕ ಆ ಕಡೆ ಹೋದಾಗ ಇಬ್ಬರೂ ಹೆಚ್ಚು ಮಾತಾಡುವುದಿಲ್ಲ. ಊಟ ಆಯಿತಾ ಎಂದು ಅವರು ಕೇಳುತ್ತಾರೆ, ಆಯಿತು ಎಂದು ಅವನು ಹೇಳುತ್ತಾನೆ. ಅದು ನಿಜ ಎಂದು ಅವನ ಹೆಂಡತಿ ಆಮೇಲೆ ಖಚಿತಪಡಿಸುತ್ತಾಳೆ.

ಇಷ್ಟು ವರ್ಷದ ದುಡಿಮೆಯಲ್ಲಿ ಏನು ಸಿಕ್ಕಿತು ಎಂದು ಕೇಳಿದರೆ ನೀರಕ್ಕ ಮೊದಲು ಮಾತು ಹಾರಿಸುತ್ತಾರೆ, ನೆಲಮಾಳಿಗೆಯ ಗೋಡೆಯ ಪಾಚಿ ತೋರಿಸುತ್ತಾರೆ. ಒತ್ತಾಯಿಸಿದರೆ ಈಚೆಗೆ ಬಂದ ಒಂದು ಫೋನ್ ಕರೆಯ ವಿಷಯ ಹೇಳುತ್ತಾರೆ. ಎಲ್ಲೋ ಇನ್ನೊಂದು ಹೊಳೆಯ, ಇನ್ನೊಂದು ದೋಣಿಯ ಕೆಲಸದವನು. ಹೆಸರು ಹೇಳಲಿಲ್ಲ. "ಮೇಡಂ, ನಮ್ಮ ದೋಣೀಲಿ ಒಂದು ಬಾಗಿಲು ಸರಿಯಾಗಿ ಮುಚ್ಚಲ್ಲ, ಹಗ್ಗ ಕಟ್ಟಿ ಓಡಿಸ್ತಿದೀವಿ. ಇದನ್ನ ನಿಮಗೆ ಹೇಳಬಹುದಾ?" ಎಂದನಂತೆ.

"ಇಲ್ಲೀವರೆಗೆ ನನಗೆ ಬಂದ ಕರೆಗಳೆಲ್ಲಾ ಮುಳುಗಿದ ಮೇಲೆ ಬಂದಿದ್ದು" ಎನ್ನುತ್ತಾರೆ ನೀರಕ್ಕ, ಟಾರ್ಚಿಗೆ ಹೊಸ ಬ್ಯಾಟರಿ ಹಾಕುತ್ತ. "ಮುಂಚೆ ಬಂದಿದ್ದು ಅದೊಂದೇ."